ಕೇಳದೆ ಹಾಕಿದ ಕೈ

ಅಂಗಿಯ ಜೇಬಿಗೆ ಕಾರ್ಡು ಸಿಕ್ಕಿಸಿಕೊಳ್ಳುವಾಗೆಲ್ಲ ಅವನಿಗೆ ಅದರೊಳಗಿನ ತನ್ನ ಮುಖದ ಮೇಲೆ ಸಿಟ್ಟು ಬರುತ್ತಿತ್ತು. ಹಿಂದಿನಿಂದ ಯಾರೋ ‘ಏಯ್’ ಅಂದಾಗ ತಿರುಗಿ ನೋಡಿದವನ ಮುಖ ಅದು. ಲೈಸೆನ್ಸಿನ ಫೋಟೋದಲ್ಲಿ ಎಲ್ಲರೂ ಹಾಗೆಯೇ ಕಾಣುತ್ತಾರೆ ಎಂದು ಜೊತೆಯ ಕಾವಲುಗಾರರು ಹೇಳುತ್ತಿದ್ದರು, ಆದರೆ ಉಳಿದವರ ಮುಖ ಕಟ್ಟಿಕೊಂಡು ಅವನಿಗೇನಾಗಬೇಕು. ಈ ಕಾರ್ಡಿನ ಆಯುಸ್ಸು ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸದು ಬರಬೇಕಾದರೆ ಮರುತರಬೇತಿಗೆ ಹೋಗಿ ಬರಬೇಕು, ಹೋಗಿ ಬಂದಿದ್ದಾನೆ. ಕಣ್ಣು ಕಿವಿ ನೆಟ್ಟಗಿವೆ ಎಂದು ಡಾಕ್ಟರು ಬರೆದುಕೊಡಬೇಕು, ಕೊಟ್ಟಿದ್ದಾರೆ. ಈತನ ಮೇಲೆ ಯಾವ ಗಿರಾಕಿಯ ದೂರೂ ಇಲ್ಲ ಎಂದು ಸೂಪರ್‌ವೈಸರು ಒಂದು ಸಹಿ ಹಾಕಬೇಕು, ಅದೊಂದು ಬಾಕಿ. ಶುಕ್ರವಾರ ಹಾಕುತ್ತೇನೆ, ಅಲ್ಲಿಯವರೆಗೆ ಬಾಯಿ ಕೈ ಎರಡನ್ನೂ ಹಿಡಿತದಲ್ಲಿಟ್ಟುಕೊಳ್ಳಿ ಎಂದಿದ್ದ ಆ ಹುಡುಗು ಸೂಪರ್‌ವೈಸರು, ಪುದೀನ ಮಿಠಾಯಿಯನ್ನು ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಾ. ಕಾರ್ಡಿಲ್ಲದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅಂಗಡಿಗೂ ದಂಡ, ನಿಂತವನಿಗೂ ದಂಡ. ಕೂದಲು ಬೆಳ್ಳಗಾದ ಮೇಲೆ ಕಾರ್ಡು ಹೋದವನನ್ನು ಇನ್ನಾವ ಬಾಗಿಲೂ ಕರೆಯುವುದಿಲ್ಲ. ಆದ್ದರಿಂದ ಅವನು ವಾರದಿಂದ ಎಲ್ಲರಿಗೂ ‘ದಯವಿಟ್ಟು’ ಹಚ್ಚಿ ಮಾತಾಡುತ್ತಿದ್ದ. ಮನೆಯಲ್ಲಿ ಹೆಂಡತಿಗೂ ಒಮ್ಮೆ ಬಾಯಿ ತಪ್ಪಿ ‘ದಯವಿಟ್ಟು ಸ್ವಲ್ಪ ಸರೀರಿ’ ಅಂದುಬಿಟ್ಟಿದ್ದ, ಅವಳು ಅದನ್ನು ಮಗಳಿಗೆ ಫೋನಿನಲ್ಲಿ ಹೇಳಿಕೊಂಡು ನಕ್ಕಿದ್ದಳು. ಅವಳ ನಗು ಅವನಿಗೆ ಆಗುತ್ತಿರಲಿಲ್ಲ.

ಅವನ ಜಾಗ ಅಂಗಡಿಯ ಹಿಂದುಗಡೆ, ಸರಕಿನ ಗಾಡಿಗಳು ಬಂದು ನಿಲ್ಲುವ ಗೇಟು. ಅಲ್ಲಿ ಮನುಷ್ಯರಿಗಿಂತ ರಟ್ಟಿನ ಪೆಟ್ಟಿಗೆಗಳು ಜಾಸ್ತಿ, ಪೆಟ್ಟಿಗೆಗಳಿಗೆ ‘ದಯವಿಟ್ಟು’ ಬೇಕಾಗಿಲ್ಲ. ಇವತ್ತು ಮುಂಬಾಗಿಲಿನವನಿಗೆ ಹಲ್ಲುನೋವು ಬಂದು ಇವನನ್ನು ಆ ಜಾಗದಲ್ಲಿ ನಿಲ್ಲಿಸಿದ್ದರು. ಮುಂಬಾಗಿಲಲ್ಲಿ ಎರಡು ಬಿಳಿ ಕಂಬಗಳ ಯಂತ್ರ. ಬಟ್ಟೆಗೆ ಚುಚ್ಚಿದ ಪ್ಲಾಸ್ಟಿಕ್ ಟ್ಯಾಗನ್ನು ತೆಗೆಯದೆ ಯಾರಾದರೂ ಆ ಕಂಬಗಳ ನಡುವೆ ಹಾದರೆ ಅದು ಕಿರುಚುತ್ತದೆ. ಕಿರುಚಿದಾಗ ನಿಜವಾಗಿ ಕದ್ದವನು ತಲೆ ಎತ್ತದೆ ನಡೆದುಹೋಗುತ್ತಾನೆ. ಕದಿಯದವರೇ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಚೀಲ, ಜೇಬು ಎಲ್ಲ ತಡವಿಕೊಳ್ಳುತ್ತಾರೆ. ಹಾಗೆ ತಡವಿಕೊಳ್ಳುವವರನ್ನು ನೋಡಿದರೆ ಅವನಿಗೆ ಅಸಹ್ಯವಾಗುತ್ತಿತ್ತು, ಅವರ ಬೆರಳುಗಳಲ್ಲಿ ತನ್ನ ಬೆರಳುಗಳೇ ಕಂಡ ಹಾಗೆ. ಮರುತರಬೇತಿಯಲ್ಲಿ ಪಾಠ ಹೇಳಿದ ನಿವೃತ್ತ ಪೊಲೀಸ್ ಅಧಿಕಾರಿ ಇದನ್ನೇ ಮೇಜು ಗುದ್ದಿ ಗುದ್ದಿ ಹೇಳಿದ್ದರು. ಯಂತ್ರ ಕೂಗಿದರೆ ಕಳ್ಳತನವಾಯಿತು ಎಂದಲ್ಲ, ಮೊದಲು ಬಿಲ್ಲು ಕೇಳಿ. ಬಿಲ್ಲಿದ್ದರೆ ಕ್ಷಮೆ ಕೇಳಿ ಕಳಿಸಿ. ಕದ್ದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಕೂರಿಸಿ, ಕೂರಿಸಿದ ತಕ್ಷಣ ಮೇಲಿನವರಿಗೆ ತಿಳಿಸಿ, ಬಾಗಿಲು ಮುಚ್ಚಬೇಡಿ, ಒಪ್ಪಿಗೆಯಿಲ್ಲದೆ ಮೈಯನ್ನಾಗಲಿ ಚೀಲವನ್ನಾಗಲಿ ಮುಟ್ಟಬೇಡಿ. ತಪ್ಪಿಲ್ಲ ಎಂದು ಗೊತ್ತಿದ್ದೂ ಒಬ್ಬನನ್ನು ತಡೆದು ಕೂರಿಸಿದರೆ ಲೈಸೆನ್ಸು ಹೋಗುವುದು ಚಿಕ್ಕ ಮಾತು, ಕೋರ್ಟಿನ ಮೆಟ್ಟಿಲೂ ಹತ್ತಬೇಕಾಗುತ್ತದೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಲಿಕ್ಕೋ ಏನೋ, ಆಮೇಲೆ ದನಿ ತಗ್ಗಿಸಿ ಒಂದು ಮಾತು ಹೇಳಿದ್ದರು.

“ಲೈಸೆನ್ಸ್ ಅಂದ್ರೆ ಕೈಗೆ ಕೊಟ್ಟ ಕೋಲು ಅಂದ್ಕೋಬೇಡಿ, ಕೈಗೆ ಕಟ್ಟಿದ ಹಗ್ಗ ಅದು. ಕೇಳದೆ ಕೈ ಹಾಕಿದ್ರೆ, ಕೈ ಹಾಕಿದವನೇ ಕಳ್ಳ.”

ಆ ಮಾತು ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದವನು ನೋಡಿಬಿಟ್ಟಾನು ಎಂದು ಆಕಳಿಸಿದ ಹಾಗೆ ಮಾಡಿದ್ದ. ಮಾವನ ಮನೆಯ ನಡುಮನೆಗೆ ಈ ಅಧಿಕಾರಿಯನ್ನು ಆ ದಿನ ಕರೆದುಕೊಂಡು ಹೋಗಿ ನಿಲ್ಲಿಸಿದ್ದರೆ, ಎಲ್ಲರ ಎದುರಿಗೆ ಅವರು ಮೇಜು ಗುದ್ದಿ ಇದೇ ಮಾತು ಹೇಳಿದ್ದರೆ! ಹಾಗೆ ನೋಡಿದರೆ ಅವನು ಈ ಹತ್ತು ವರ್ಷಗಳಲ್ಲಿ ಆ ನಡುಮನೆಗೆ ಮನಸ್ಸಿನಲ್ಲೇ ಯಾರು ಯಾರನ್ನೋ ಕರೆದುಕೊಂಡು ಹೋಗಿ ನಿಲ್ಲಿಸಿದ್ದ. ಒಂದು ಸಲ ತೀರಿಕೊಂಡ ತನ್ನ ಅಪ್ಪನನ್ನು. ಇನ್ನೊಂದು ಸಲ ಒಂದು ಬೆತ್ತವನ್ನು.

ಮಧ್ಯಾಹ್ನದ ಗಿರಾಕಿಗಳು ತೆಳ್ಳಗಾಗಿದ್ದ ಹೊತ್ತಿನಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಷಡ್ಡಕ ಒಳಗೆ ಬಂದ. ಹೆಂಡತಿಯ ಅಕ್ಕನ ಗಂಡ. ಎಡಬಲ ನೋಡದೆ, ಈ ಅಂಗಡಿಯನ್ನು ಕೊಳ್ಳಲಿಕ್ಕೇ ಬಂದವನ ಹಾಗೆ ನೆಟ್ಟಗೆ ನಡೆದುಹೋದ, ಬಾಗಿಲಲ್ಲಿ ನಿಂತ ನೀಲಿ ಅಂಗಿಯನ್ನು ನೋಡಲೇ ಇಲ್ಲ. ನೋಡದಿದ್ದದ್ದರಲ್ಲಿ ಆಶ್ಚರ್ಯವಿಲ್ಲ, ಬಾಗಿಲಲ್ಲಿ ನಿಂತವರನ್ನು ನೋಡುವ ಅಭ್ಯಾಸ ಷಡ್ಡಕನಿಗೆ ಯಾವತ್ತೂ ಇರಲಿಲ್ಲ. ದೊಡ್ಡ ಕಂಪನಿಯಲ್ಲಿ ಒಂದು ವಿಭಾಗಕ್ಕೇ ಯಜಮಾನನಾಗಿದ್ದವನು, ಅವನ ಕಾರು ಬಂದರೆ ಗೇಟಿನವರು ಸಲಾಮು ಹೊಡೆದು ಓಡುತ್ತಿದ್ದರಂತೆ. ಹಾಗೆಂದು ಅವನೇ ಹೇಳುತ್ತಿದ್ದ, ಸಲಾಮು ಹೊಡೆಯುವುದನ್ನು ಅಣಕಿಸಿಯೂ ತೋರಿಸುತ್ತಿದ್ದ, ಅಣಕಿಸುವಾಗ ಯಾಕೋ ಇವನ ಕಡೆಗೇ ತಿರುಗುತ್ತಿದ್ದ. ಹೋದ ವರ್ಷ ಆ ಕೆಲಸ ಬಿಟ್ಟನಂತೆ. ಭಾವ ಈಗ ಸ್ವಂತ ಕನ್ಸಲ್ಟಿಂಗ್ ಮಾಡ್ತಾರೆ, ಬೆಳಿಗ್ಗೆ ಹೋದರೆ ಬರೋದು ಕತ್ತಲಾದ ಮೇಲೆ, ಯಾರ ಕೈಕೆಳಗೂ ಇಲ್ಲ ಎಂದು ಹೆಂಡತಿ ಹೇಳಿದ್ದಳು. ಕನ್ಸಲ್ಟಿಂಗ್ ಎಂದರೆ ಏನು ಎಂದು ಅವಳಿಗೂ ಗೊತ್ತಿರಲಿಲ್ಲ, ಇವನೂ ಕೇಳಲಿಲ್ಲ. ಯಾರ ಕೈಕೆಳಗೂ ಇಲ್ಲ ಎನ್ನುವುದಷ್ಟೇ ಅವನ ಹೊಟ್ಟೆಯಲ್ಲಿ ಉಳಿದುಕೊಂಡು ಹಲವು ದಿನ ಊಟ ಸೇರಿರಲಿಲ್ಲ.

ಹತ್ತು ವರ್ಷದ ಹಿಂದಿನ ಆ ದಿನ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಇವನು ಕೆಲಸದಿಂದ ನೇರವಾಗಿ ಹೋಗಿದ್ದ, ಬಟ್ಟೆ ಬದಲಿಸಲು ಹೊತ್ತಿರಲಿಲ್ಲ, ಅದೇ ನೀಲಿ ಅಂಗಿ. ಷಡ್ಡಕನ ಹೆಂಡತಿಯ ಉಂಗುರ ಕಾಣಲಿಲ್ಲ. ಮಂಚದ ಕೆಳಗೆ, ದಿಂಬಿನ ಚೀಲದಲ್ಲಿ, ಹೂಕುಂಡದ ಮಣ್ಣಿನಲ್ಲಿ ಎಲ್ಲ ಹುಡುಕಾಯಿತು. ಆಗ ಷಡ್ಡಕ ಚಹದ ಲೋಟ ಕೆಳಗಿಟ್ಟು, “ಬೇಲಿನೇ ಎದ್ದು ಹೊಲ ಮೇಯ್ದಿದ್ಯೋ ಏನೋ, ಮೊದಲು ಬೇಲಿ ನೋಡೋಣ” ಎಂದು ಎದ್ದು ಬಂದು ಇವನ ಪ್ಯಾಂಟಿನ ಜೇಬಿನೊಳಗೆ ಕೈ ಹಾಕಿದ. ಕೇಳಲಿಲ್ಲ. ಬೇಡ ಎನ್ನುವಷ್ಟು ಸಮಯವೂ ಕೊಡಲಿಲ್ಲ. ತೊಡೆಯ ಮೇಲೆ ಇನ್ನೊಬ್ಬ ಗಂಡಸಿನ ಬೆರಳುಗಳು ಓಡಾಡುವುದು ಎಂಥದು ಎಂದು ಅನುಭವಿಸಿದವರಿಗೇ ಗೊತ್ತು. ಒಂದು ಜೇಬಿನಿಂದ ಕೆಲಸದ ಸೀಟಿ ಹೊರಬಂತು. ಇನ್ನೊಂದರಿಂದ, ಕಾಗದದ ಕರವಸ್ತ್ರದಲ್ಲಿ ಸುತ್ತಿದ ಎರಡು ಕ್ರೀಮ್ ಬಿಸ್ಕತ್ತು. ಷಡ್ಡಕ ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿಹಿಡಿದು “ಅಂತೂ ಏನೋ ಸಿಕ್ತು” ಅಂದ. ಮನೆಯೇ ಹಾರಿಹೋಗುವ ಹಾಗೆ ನಗು. ಮಗಳಿಗೆ ಅಂತ ಇಟ್ಕೊಂಡೆ ಎಂದು ಇವನು ಹೇಳಿದ. ಆಗಿನ್ನೂ ಪುಟ್ಟವಳಾಗಿದ್ದ ಮಗಳು, ಸುಳ್ಳು ಹೇಳಲು ಇನ್ನೂ ಕಲಿತಿರದವಳು, “ನಾನು ಕೇಳ್ಲೇ ಇಲ್ಲ” ಅಂದಳು. ಮತ್ತೆ ನಗು. ನಿಜ, ಅವಳು ಕೇಳಿರಲಿಲ್ಲ. ಎಲ್ಲರ ಎದುರಿಗೆ ತಟ್ಟೆಗೆ ಎರಡನೆಯ ಸಲ ಕೈ ಹಾಕಲು ನಾಚಿಕೆಯಾಗಿ ಅವನು ಬಿಸ್ಕತ್ತನ್ನು ತನಗೇ ಎಂದು ಇಟ್ಟುಕೊಂಡಿದ್ದ, ಹಸಿವಾಗಿತ್ತು. ಉಂಗುರ ಕೊನೆಗೆ ಕೈತೊಳೆಯುವಲ್ಲಿ ಸಾಬೂನಿನ ಕೆಳಗೆ ಸಿಕ್ಕಿತು. ತಮಾಷೆಗೆ ಕಣೋ, ಮನಸ್ಸಿಗೆ ಹಚ್ಕೋಬೇಡ ಎಂದು ಷಡ್ಡಕ ಬೆನ್ನು ತಟ್ಟಿದ. ಅಂದಿನಿಂದ ಷಡ್ಡಕನ ಗಂಡುಮಕ್ಕಳಿಗೆ ಇವನು ಬಿಸ್ಕತ್ತು ಚಿಕ್ಕಪ್ಪ. ಇದನ್ನೆಲ್ಲ ನುಂಗಬಹುದಿತ್ತು. ಆದರೆ ಅವನ ಹೆಂಡತಿಯೂ ನಕ್ಕಿದ್ದಳು. ಕೈ ಬಾಯಿಗೆ ಅಡ್ಡ ಹಿಡಿದಿದ್ದಳು, ನಿಜ, ಭುಜಗಳು ಮಾತ್ರ ಕುಲುಕುತ್ತಿದ್ದವು. ಬಸ್ಸಿನಲ್ಲಿ ವಾಪಸು ಬರುವಾಗ ಅವಳೇ ಸಮಾಧಾನವನ್ನೂ ಹೇಳಿದ್ದಳು. “ನೀವೂ ಒಂದ್ಸಲ ನಕ್ಕುಬಿಟ್ಟಿದ್ರೆ ಅಲ್ಲಿಗೇ ಮುಗಿದುಹೋಗ್ತಿತ್ತು.”

ಷಡ್ಡಕ ಗಂಡಸರ ಬಟ್ಟೆಗಳ ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದ. ಯಾವಾಗಲೂ ಮೈಗಂಟುವ ಬಣ್ಣಬಣ್ಣದ ಅಂಗಿ ತೊಡುವವನು ಇವತ್ತು ಬೂದಿ ಬಣ್ಣದ ಅಂಗಿಗಳನ್ನು ಎಳೆದೆಳೆದು, ಹೊಲಿಗೆ ತಿರುಗಿಸಿ, ಬೆಲೆಯ ಚೀಟಿಯನ್ನು ಕಣ್ಣಿಂದ ದೂರ ಹಿಡಿದು ನೋಡುತ್ತಿದ್ದ. ಕೊನೆಗೆ ಒಂದೇ ಥರದ ಎರಡು ಅಂಗಿ ಹಿಡಿದು ಗಲ್ಲಾದ ಕಡೆ ಹೋದ. ಗಲ್ಲಾದ ಹುಡುಗಿ ಇನ್ನೊಬ್ಬ ಹೆಂಗಸಿನೊಡನೆ ವಾಪಸು ಕೊಟ್ಟ ಲಂಗದ ವಿಷಯಕ್ಕೆ ಜಗಳದಲ್ಲಿದ್ದಳು. ಜಗಳ ಆಡುತ್ತಲೇ ಷಡ್ಡಕನ ಮೊದಲ ಅಂಗಿಯ ಟ್ಯಾಗನ್ನು ಯಂತ್ರಕ್ಕೆ ಒತ್ತಿ ತೆಗೆದಳು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಆ ಹೆಂಗಸು ಲಂಗವನ್ನು ಗಲ್ಲಾದ ಮೇಲೆ ಬಿಸಾಡಿದಳು. ಹುಡುಗಿಯ ಮುಖ ಕೆಂಪಗಾಯಿತು. ಎರಡನೆಯ ಅಂಗಿ ಟ್ಯಾಗಿನೊಂದಿಗೇ ಚೀಲದೊಳಗೆ ಹೋಯಿತು, ಅದರ ಹಿಂದೆಯೇ ಬಿಲ್ಲೂ ಹೋಯಿತು. ಇಷ್ಟನ್ನೂ ಅವನು ನೋಡಿದ. ಬಾಗಿಲಲ್ಲಿ ನಿಂತವನ ಕೆಲಸವೇ ನೋಡುವುದು. ಇಂಥದ್ದು ಕಂಡಾಗ ಅಲ್ಲಿಂದಲೇ ಒಂದು ಕೂಗು ಹಾಕಿ, ಇನ್ನೊಂದಿದೆಯಮ್ಮ ಅಂದರೆ ಮುಗಿಯಿತು. ಈ ಬಾಗಿಲಲ್ಲಿ ನಿಲ್ಲುವವರು ದಿನಕ್ಕೆ ಹಲವು ಸಲ ಅಂದೂ ಇದ್ದಾರೆ. ಅವನ ನಾಲಿಗೆ ಏಳಲಿಲ್ಲ. ಏಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಎದ್ದ ನಾಲಿಗೆಯನ್ನು ಅವನು ಹಲ್ಲಿನಲ್ಲಿ ಕಚ್ಚಿ ಹಿಡಿದ.

ಬೇಕಾದರೆ ಈಗಲೂ ಹೇಳಬಹುದು ಅಂದುಕೊಂಡ. ಷಡ್ಡಕ ಛತ್ರಿಗಳ ಬುಟ್ಟಿ ದಾಟಿದ. ಈಗಲೂ ಹೇಳಬಹುದು. ಮಕ್ಕಳ ಟೋಪಿಗಳ ಸಾಲು ದಾಟಿದ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುತ್ತಾರೆ, ಕೋಲೇ ಇಲ್ಲದವನು ಏನು ಮಾಡಬೇಕು? ಕೈಗೆ ಕಟ್ಟಿದ ಹಗ್ಗವಿದೆಯಲ್ಲ, ಅದನ್ನೇ ಬಿಚ್ಚಿ ಇವನ ಕೊರಳಿಗೆ ಹಾಕಿದರೆ ಹೇಗೆ? ಕೈ ಎತ್ತುವುದು ಬೇಡ, ದನಿ ಏರಿಸುವುದು ಬೇಡ, ಪಾಠದಲ್ಲಿ ಹೇಳಿದ ಹಾಗೆಯೇ, ದಯವಿಟ್ಟು ದಯವಿಟ್ಟು ಅನ್ನುತ್ತಲೇ ಈ ಮನುಷ್ಯನನ್ನು ಎಲ್ಲರೂ ನೋಡುವ ಹಾಗೆ ಕೂರಿಸಬಹುದು. ಬಿಲ್ಲು ಕೇಳುವುದೊಂದನ್ನು ಮರೆತರೆ ಸಾಕು. ಶುಕ್ರವಾರದ ಸಹಿ ನೆನಪಾಯಿತು, ಹೆಂಡತಿಯ ಕುಲುಕುವ ಭುಜಗಳೂ ನೆನಪಾದವು, ಮತ್ತು ಅಷ್ಟರಲ್ಲಿ ಯಂತ್ರ ಕಿರುಚಿತು.

ಷಡ್ಡಕ ಬೆಚ್ಚಿ ನಿಂತ. ಟೋಪಿ ನೋಡುತ್ತಿದ್ದ ದಂಪತಿಗಳು ತಿರುಗಿದರು, ಲಂಗದ ಹೆಂಗಸು ಜಗಳ ನಿಲ್ಲಿಸಿ ತಿರುಗಿದಳು. ಷಡ್ಡಕನ ಎಡಗೈ ತಾನಾಗಿಯೇ ಹೋಗಿ ಪ್ಯಾಂಟಿನ ಜೇಬನ್ನು ಮುಟ್ಟಿ ನೋಡಿಕೊಂಡಿತು. ಅದನ್ನು ನೋಡಿ ಇವನ ಎದೆಯೊಳಗೆ ಏನೋ ಬೆಚ್ಚಗೆ ಇಳಿಯಿತು.

“ಓ, ನೀನಾ?” ಅಂದ ಷಡ್ಡಕ, ಬದುಕಿದೆ ಎನ್ನುವ ದನಿಯಲ್ಲಿ. ಆಮೇಲೆ ಬೇರೆಯದೇ ದನಿಯಲ್ಲಿ, “ನೀನು ಹಿಂದಿನ ಗೇಟಲ್ಲಿ ಅಲ್ವಾ ಇರೋದು?”

“ಸರ್, ದಯವಿಟ್ಟು ಒಂದು ನಿಮಿಷ ಒಳಗೆ ಬನ್ನಿ.”

ಷಡ್ಡಕ ನಗಲು ನೋಡಿದ. ಸರ್ ಅಂದದ್ದು ಅವನಿಗೆ ತಮಾಷೆಯಾಗಿ ಕೇಳಿಸಿರಬೇಕು, ಹತ್ತಿರ ಬಂದು ಮೆಲ್ಲಗೆ ಸುಮ್ನೆ ಬಿಡೋ, ಜನ ನೋಡ್ತಿದಾರೆ ಎಂದ. ಇವನು ಬಿಡಲಿಲ್ಲ. ದಾರಿಗೆ ಅಡ್ಡ ನಿಲ್ಲಲಿಲ್ಲ, ಮುಟ್ಟಲಿಲ್ಲ, ಅಂಗೈ ಚಾಚಿ ಒಳಕೋಣೆಯ ಕಡೆ ತೋರಿಸುತ್ತಾ, ಮೊದಲಿನ ಮಾತನ್ನೇ ಮೊದಲಿಗಿಂತ ಮೃದುವಾಗಿ, ಮೊದಲಿಗಿಂತ ಜೋರಾಗಿ ಹೇಳಿದ. ಜನ ನೋಡುತ್ತಿದ್ದದ್ದರಿಂದಲೇ ಷಡ್ಡಕ ನಡೆದ.

ಒಳಕೋಣೆ ಎಂದರೆ ಗಲ್ಲಾದ ಪಕ್ಕದ ಸಣ್ಣ ಗೂಡು, ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ನಿಯಮಗಳ ಹಾಳೆ. ಬಾಗಿಲು ಮುಚ್ಚಬಾರದು ಎಂದು ನಿಯಮ. ಅವನು ಮುಚ್ಚಲಿಲ್ಲ, ಇನ್ನೂ ಒಂದು ತಳ್ಳು ತಳ್ಳಿ ಪೂರ್ತಿ ತೆರೆದು, ಹೊರಗೆ ಹೋಗಿಬರುವವರಿಗೆ ಕಾಣುವ ಕುರ್ಚಿಯಲ್ಲೇ ಷಡ್ಡಕನನ್ನು ಕೂರಿಸಿದ. ಲಂಗದ ಹೆಂಗಸು ಬೇಕೆಂದೇ ಎರಡು ಸಲ ಆ ಕಡೆ ಹಾದುಹೋದಳು. ಸೂಪರ್‌ವೈಸರನಿಗೆ ತಕ್ಷಣ ತಿಳಿಸಬೇಕು ಎಂದೂ ನಿಯಮ. ಅವನ ಸೊಂಟದಲ್ಲಿ ವೈರ್‌ಲೆಸ್ ಇತ್ತು, ಅದನ್ನು ಮುಟ್ಟಲಿಲ್ಲ. ಇದೊಂದು ಸ್ವಲ್ಪ ಹೊತ್ತು ತನ್ನದು, ಹತ್ತು ವರ್ಷ ಕಾದದ್ದಕ್ಕೆ ಇಷ್ಟೂ ಇಲ್ಲವೇ ಅಂದುಕೊಂಡ. ಷಡ್ಡಕನ ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಹತ್ತಿರದಿಂದ ನೋಡಿದರೆ ಕೆನ್ನೆ ಇಳಿದಿದೆ, ಕೂದಲಿನ ಬಣ್ಣ ಬುಡದಲ್ಲಿ ಬಿಟ್ಟಿದೆ. ಇಷ್ಟು ವರ್ಷ ದ್ವೇಷಿಸಿದ ಮುಖವನ್ನು ತಾನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ ಎಂದು ಅವನಿಗೆ ಹೊಳೆಯಿತು, ಹೊಳೆದದ್ದು ಇಷ್ಟವಾಗಲಿಲ್ಲ.

“ಸರ್, ನಿಮ್ಮನ್ನ ಪರೀಕ್ಷೆ ಮಾಡೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?”

ಷಡ್ಡಕ ತೆರೆದ ಬಾಗಿಲ ಕಡೆ ನೋಡಿದ.

“ನೀವು ಬೇಡ ಅನ್ನಬಹುದು. ಬೇಡ ಅನ್ನೋ ಹಕ್ಕು ನಿಮಗಿದೆ. ನಾನು ಕೇಳ್ತಾ ಇದ್ದೀನಿ. ಕೇಳದೆ ಕೈ ಹಾಕೋದಿಲ್ಲ.”

ಕೊನೆಯ ಮಾತು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಎಷ್ಟೋ ವರ್ಷ ಬಚ್ಚಲುಮನೆಯಲ್ಲಿ, ಸರಕಿನ ಗಾಡಿಗಳ ಹಿಂದೆ, ಹೆಂಡತಿಗೆ ಬೆನ್ನು ಹಾಕಿ ಮಲಗಿದಾಗ, ಎದುರಿಗೆ ಷಡ್ಡಕನನ್ನು ನಿಲ್ಲಿಸಿಕೊಂಡು ಬೈದ ಬೈಗುಳಗಳೆಲ್ಲ ಈ ಒಂದು ಮರ್ಯಾದೆಯ ಮಾತಿನ ಮುಂದೆ ಸಪ್ಪೆಯಾಗಿದ್ದವು. ಷಡ್ಡಕ ಅವನ ಮುಖವನ್ನೇ ನೋಡುತ್ತಿದ್ದ. ಅರ್ಥವಾಯಿತೋ ಇಲ್ಲವೋ. ಆಮೇಲೆ ನಿಧಾನವಾಗಿ ಎದ್ದು ನಿಂತು, ಯಾರೂ ಮುಟ್ಟುವ ಮೊದಲೇ, ಎರಡೂ ಜೇಬುಗಳ ಒಳಬಟ್ಟೆಯನ್ನು ಹೊರಗೆಳೆದ. ಮೇಜಿನ ಮೇಲೆ ಒಂದು ಬಾಚಣಿಗೆ ಬಿತ್ತು, ಬಸ್ಸಿನ ಟಿಕೆಟು ಬಿತ್ತು, ಕಪ್ಪು ದಾರದ ಒಂದು ಸೀಟಿ ಬಿತ್ತು. ಅದರ ಮೇಲೆ ಒಂದು ಕಾರ್ಡು.

“ಬಿಸ್ಕತ್ತಿಲ್ಲ ನೋಡು” ಅಂದ ಷಡ್ಡಕ.

ಕಾರ್ಡು ಹೊಚ್ಚ ಹೊಸದು, ಮೂಲೆಗಳಿನ್ನೂ ಚೂಪಾಗಿದ್ದವು. ಫೋಟೋದಲ್ಲಿ ಷಡ್ಡಕ, ಹಿಂದಿನಿಂದ ಯಾರೋ ‘ಏಯ್’ ಅಂದಾಗ ತಿರುಗಿ ನೋಡಿದವನ ಹಾಗೆ. ಖಾಸಗಿ ಕಾವಲುಗಾರ, ತಾತ್ಕಾಲಿಕ ಪರವಾನಗಿ. ಬಸ್ಸಿನ ಟಿಕೆಟು, ಕಾರಲ್ಲ. ಬೂದಿ ಬಣ್ಣದ ಎರಡು ಅಂಗಿ. ಅಂಗಿ ನೀವೇ ತಂದುಕೊಳ್ಳಿ ಎನ್ನುವ ಚಿಲ್ಲರೆ ಏಜೆನ್ಸಿಗಳವರೆಲ್ಲ ಆ ಬಣ್ಣವನ್ನೇ ತೊಡಿಸುತ್ತಾರೆ ಎಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಹೊಳೆದಿರಲಿಲ್ಲ, ಯಾಕೆಂದರೆ ಷಡ್ಡಕ ಅಂಥ ಅಂಗಿ ತೊಡುವ ಪ್ರಪಂಚ ಅವನ ತಲೆಯಲ್ಲಿ ಇರಲೇ ಇಲ್ಲ. ಗಂಟಲೊಳಗೆ ಒಂದು ಮಾತು ತುದಿಗಾಲಲ್ಲಿ ನಿಂತಿತ್ತು. ಹತ್ತು ವರ್ಷ ಹಳೆಯ ಮಾತು, ಸವೆದಿರಲಿಲ್ಲ.

“ಅಂತೂ ಏನೋ ಸಿಕ್ತು” ಅಂದ ಅವನು.

ಷಡ್ಡಕ ಮತ್ತೆ ಕೂತ. ಹೊರಗಿನಿಂದ ಯಾರೋ ಇಣುಕಿ ಹೋದರು. ಕಂಪನಿಯವರು ತೆಗೆದುಹಾಕಿದ್ದು, ಕಾರು ಮಾರಿದ್ದು, ಮಾರಿದ ಕಾರನ್ನು ರಿಪೇರಿಗೆ ಬಿಟ್ಟಿದ್ದೇನೆಂದು ಮನೆಯಲ್ಲಿ ಹೇಳುತ್ತಿರುವುದು, ಊರಿನ ಆ ತುದಿಯ ಔಷಧಿ ಗೋದಾಮಿನ ಗೇಟಿನಲ್ಲಿ ನಾಳೆಯಿಂದ ನಿಲ್ಲಬೇಕಾಗಿರುವುದು, ಎಲ್ಲವನ್ನೂ ಮೇಜಿಗೆ ಹೇಳುವ ಹಾಗೆ ಸಣ್ಣ ದನಿಯಲ್ಲಿ ಹೇಳಿದ. ಮುಂಬಾಗಿಲಲ್ಲಿ ನೀನಿರೋದಿಲ್ಲ ಅಂತಲೇ ಇಲ್ಲಿಗೆ ಬಂದೆ ಎಂದ. ಅವಳಿಗೆ ಗೊತ್ತಿಲ್ಲ ಎಂದ, ಅವಳು ಎಂದರೆ ತನ್ನ ಹೆಂಡತಿ. ಇದನ್ನೆಲ್ಲ ಕೇಳಿ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿ ಎಂದೇ ಅನ್ನಿಸಿತು. ಆದರೆ ಷಡ್ಡಕ ಕಾರ್ಡನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಾ, ಮುಖ ಎತ್ತದೆ ಇನ್ನೊಂದು ಮಾತು ಹೇಳಿದ.

“ಮೊದಲು ಬಿಲ್ ಕೇಳಬೇಕಿತ್ತು ನೀನು. ನಮಗೆ ಹಾಗಂತಾನೇ ಹೇಳಿಕೊಟ್ರು.”

ನಮಗೆ. ಆ ಒಂದು ಮಾತಿಗೆ ಅವನ ಕಿವಿ ಬಿಸಿಯಾಯಿತು. ಅದೇ ಬೆಂಚು, ಅದೇ ನಿವೃತ್ತ ಅಧಿಕಾರಿ, ಅದೇ ಮೇಜು. ಈ ಮನುಷ್ಯನಿಗೆ ಆಗಿನಿಂದಲೂ ಎಲ್ಲ ಗೊತ್ತಿತ್ತು. ಯಂತ್ರ ಕೂಗಿದಾಗ ಏನು ಕೇಳಬೇಕು, ಏನು ಕೇಳಲಿಲ್ಲ, ಯಾರಿಗೆ ತಿಳಿಸಬೇಕಿತ್ತು, ಎಷ್ಟು ಹೊತ್ತಾಯಿತು, ಎಲ್ಲವೂ. ಗೊತ್ತಿದ್ದೂ ಪರೀಕ್ಷೆಗೆ ಕೂತ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ನೋಡುತ್ತಾ ಕೂತಿದ್ದನೇ, ಅಥವಾ ಹೆದರಿ ಕೂತಿದ್ದನೇ, ಹೇಳಲಾಗುತ್ತಿರಲಿಲ್ಲ. ಷಡ್ಡಕ ಒಂದು ದೂರು ಕೊಟ್ಟರೆ ತನ್ನ ಕಾರ್ಡು ಹೋಗುತ್ತದೆ. ಬಿಸಿತುಪ್ಪ ಬಾಯಿಗೆ ಬಿದ್ದಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಷ್ಟು ಹೊತ್ತಿಗೆ ಗಲ್ಲಾದ ಹುಡುಗಿ ಓಡಿಬಂದಳು, ಅವಳ ಹಿಂದೆ ಪುದೀನ ಮಿಠಾಯಿಯ ಸೂಪರ್‌ವೈಸರು. ಹುಡುಗಿ ಷಡ್ಡಕನ ಚೀಲದಲ್ಲಿ ನೋಡಬಹುದೇ ಎಂದು ಕೇಳಿ, ಅಂಗಿ ಎತ್ತಿ ಟ್ಯಾಗು ತೋರಿಸಿ, ಬಿಲ್ಲೂ ಇಲ್ಲೇ ಇದೆ ಸರ್, ತಪ್ಪು ನನ್ನದೇ, ಆ ಹೆಂಗಸು ತಲೆ ಕೆಡಿಸಿಬಿಟ್ಟಳು ಎಂದು ಅಳುವಂತಾದಳು. ಆಮೇಲೆ ಇವನ ಕಡೆ ತಿರುಗಿದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಬರೀ ಸಂಕಟ.

“ನೀವು ನನ್ನ ಕಡೆನೇ ನೋಡ್ತಾ ಇದ್ರಲ್ಲ ಅಂಕಲ್, ಒಂದು ಮಾತು ಹೇಳಬಾರದಿತ್ತಾ?”

ಸೂಪರ್‌ವೈಸರನ ಮಿಠಾಯಿ ಕೆನ್ನೆಯ ನಡುವೆ ನಿಂತಿತು. ಟ್ಯಾಗ್ ಇದ್ದದ್ದು ನಿಮಗೆ ಗೊತ್ತಿತ್ತಾ ಎಂದು ಕೇಳಿದ, ಉತ್ತರ ಇಲ್ಲ ಎಂದೇ ಬರಲಿ ಎನ್ನುವ ಮುಖದಲ್ಲಿ. ಇವನು ಬಾಯಿ ತೆರೆಯುವ ಮೊದಲೇ ಷಡ್ಡಕ ಎದ್ದ. ಬೆವರು ಒರೆಸಿಕೊಂಡ, ಜೇಬಿನ ಒಳಬಟ್ಟೆಗಳನ್ನು ಒಳಗೆ ತಳ್ಳಿದ, ಮತ್ತು ನೋಡನೋಡುತ್ತಿದ್ದಂತೆ ವಿಭಾಗದ ಯಜಮಾನನಾಗಿಬಿಟ್ಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹ್ಹಹ್ಹ ಎಂದು ನಕ್ಕು, ಬಂದು ಇವನ ಹೆಗಲ ಮೇಲೆ ಕೈ ಹಾಕಿದ.

“ಏನಿಲ್ಲ ಬಿಡಿ ಸರ್. ಇವನು ನಮ್ಮವನೇ, ನನ್ನ ಷಡ್ಡಕ. ತಮಾಷೆಗೆ ಮಾಡಿದ್ದು.”

ಸೂಪರ್‌ವೈಸರನ ಮಿಠಾಯಿ ಮತ್ತೆ ಉರುಳಿತು. ಓ ಸಂಬಂಧಿಕರಾ, ಹಾಗಾದರೆ ಸರಿ, ಇಂಥ ತಮಾಷೆ ಕೆಲಸದ ಹೊತ್ತಲ್ಲಿ ಬೇಡ ಎಂದು ಅರ್ಧ ಬೈದು ಅರ್ಧ ನಕ್ಕ. ಹುಡುಗಿ ಮೂಗೊರೆಸಿಕೊಂಡು ನಕ್ಕಳು. ಬಾಗಿಲಲ್ಲಿ ಇಣುಕುತ್ತಿದ್ದ ಲಂಗದ ಹೆಂಗಸೂ ನಕ್ಕಳು. ಎಲ್ಲರೂ ಇವನ ಮುಖ ನೋಡಿದರು, ಇವನೂ ಒಮ್ಮೆ ನಕ್ಕುಬಿಟ್ಟರೆ ಮುಗಿದುಹೋಗುತ್ತಿತ್ತು. ಶುಕ್ರವಾರ ಸಹಿ ಬೀಳುತ್ತಿತ್ತು, ಹಿಂದಿನ ಗೇಟು, ರಟ್ಟಿನ ಪೆಟ್ಟಿಗೆಗಳು, ತಿಂಗಳ ಸಂಬಳ ಎಲ್ಲ ಇದ್ದಲ್ಲೇ ಇರುತ್ತಿದ್ದವು. ತಾಳಿದವನು ಬಾಳಿಯಾನು. ಹೆಗಲ ಮೇಲೆ ಆ ಕೈ ಇತ್ತು, ಬೆಚ್ಚಗೆ, ಭಾರವಾಗಿ, ಎರಡು ಸಲ ತಟ್ಟಿತು ಕೂಡ. ಇವತ್ತು ಕೂಡ ಕೇಳಿರಲಿಲ್ಲ. ಹತ್ತು ವರ್ಷ ಕಾದು, ಲೈಸೆನ್ಸನ್ನೇ ಪಣಕ್ಕಿಟ್ಟು ಮಾಡಿದ ಒಂದೇ ಒಂದು ಕೆಲಸವನ್ನು ಈ ಮನುಷ್ಯ ಬಿಸ್ಕತ್ತಿನ ಹಾಗೆ ಎತ್ತಿಹಿಡಿದು ಎಲ್ಲರಿಗೂ ತೋರಿಸುತ್ತಿದ್ದಾನೆ. ನಾಳೆ ಹೆಂಡತಿಗೆ ಸುದ್ದಿ ಮುಟ್ಟುತ್ತದೆ, ಭಾವನನ್ನೇ ಹಿಡಿದರಂತೆ ಎಂದು ಅವಳ ಭುಜಗಳು ಕುಲುಕುತ್ತವೆ.

ಅವನು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಹೆಗಲಿನಿಂದ ಇಳಿಸಿದ.

“ತಮಾಷೆ ಅಲ್ಲ ಸರ್. ಟ್ಯಾಗ್ ತೆಗೆದಿಲ್ಲ ಅಂತ ನನಗೆ ಗೊತ್ತಿತ್ತು. ಬಿಲ್ ಚೀಲದಲ್ಲಿದೆ ಅಂತಲೂ ಗೊತ್ತಿತ್ತು. ಗೊತ್ತಿದ್ದೇ ನಿಲ್ಲಿಸಿದೆ, ಗೊತ್ತಿದ್ದೇ ಇಲ್ಲಿ ಕೂರಿಸಿದೆ.”

ಯಾರೂ ನಗಲಿಲ್ಲ. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಸೂಪರ್‌ವೈಸರು ಅವನ ಹತ್ತಿರ ಬಂದು, ಏನು ಹೇಳ್ತಾ ಇದ್ದೀರಿ ಅಂತ ಗೊತ್ತಾ, ಇದನ್ನ ಕೇಳಿದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ ಎಂದು ಪಿಸುಗುಟ್ಟಿದ. ಗೊತ್ತು ಎಂದು ಇವನು ಅಂದ. ಷಡ್ಡಕನ ಮುಖದಲ್ಲಿ ನಗು ಇನ್ನೂ ಇತ್ತು, ಒಡೆಯ ಬಿಟ್ಟುಹೋದ ಮನೆಯಲ್ಲಿ ಉರಿಯುವ ದೀಪದ ಹಾಗೆ. ಅದು ಆರುವುದನ್ನು ಇವನು ಕಣ್ಣು ಮಿಟುಕಿಸದೆ ನೋಡಿದ. ಅಂಗಿಯಿಂದ ತನ್ನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

“ದೂರು ಕೊಡಿ ಭಾವ” ಅಂದ.

ಸೂಪರ್‌ವೈಸರು ಉಸಿರುಬಿಟ್ಟು, ಮಿಠಾಯಿಯನ್ನು ಕಾಗದಕ್ಕೆ ಉಗುಳಿ, ಷಡ್ಡಕನ ಕಡೆ ತಿರುಗಿದ. ಈಗ ನೀವು ಬೇಡ ಅಂದರೂ ನಾನು ವರದಿ ಕಳಿಸಲೇಬೇಕು ಸರ್, ದಯವಿಟ್ಟು ಕೂತ್ಕೊಳ್ಳಿ ಎಂದ. “ನಿಮ್ಮ ಹೆಸರು, ವಿಳಾಸ, ಏನು ಕೆಲಸ ಮಾಡ್ತೀರಿ, ಅಷ್ಟು ಹೇಳಿ.”

ಷಡ್ಡಕ ಹೆಸರು ಹೇಳಿದ. ವಿಳಾಸ ಹೇಳಿದ. ಅವನ ಎಡಗೈ ಹೋಗಿ ಜೇಬನ್ನು ಮುಚ್ಚಿಕೊಂಡಿತು. ತಲೆ ಎತ್ತಿ ಇವನನ್ನು ನೋಡಿದ, ಬಾಗಿಲಲ್ಲಿ ನಿಂತವನನ್ನು ನೋಡಿ ಗೊತ್ತಿಲ್ಲದ ಕಣ್ಣುಗಳಿಂದ, ಒಪ್ಪಿಗೆ ಕೇಳುವ ಹಾಗೆ. ಇವನು ಆ ಜೇಬನ್ನೇ ನೋಡುತ್ತಾ ನಿಂತ.

“ಸೆಕ್ಯೂರಿಟಿ” ಅಂದ ಷಡ್ಡಕ.

ಇವನಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಸಂತೋಷವೇ ಆಯಿತು. ಆ ಸಂತೋಷದಲ್ಲಿ ಅವನು ಇನ್ನೂ ಸರಿಯಾಗಿ ನಿಂತುಕೊಂಡಿರಲಿಲ್ಲ, ಹೊರಗೆ ಯಾರೂ ಕಾಯದ ಬಾಗಿಲಲ್ಲಿ ಯಂತ್ರ ಕಿರುಚಿತು. ಸೂಪರ್‌ವೈಸರು ಬರೆಯುತ್ತಲೇ ಇದ್ದ, ಹುಡುಗಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಷಡ್ಡಕರಿಬ್ಬರೂ ಒಟ್ಟಿಗೇ ತಲೆ ಎತ್ತಿ ಬಾಗಿಲ ಕಡೆ ನೋಡಿದರು.